ಮಗು ಅಜ್ಜಿಮನೆಯಲ್ಲಿ, ಹೆತ್ತವರು ಪರವೂರಲ್ಲಿ: ಅರ್ಜಿಗೆ ಸಹಿ ಯಾರದು?

ಕರಾವಳಿಗೆ ಇದು ಹೊಸತಲ್ಲ. ಅಪ್ಪ ಮುಂಬಯಿಯ ಹೋಟೆಲಿನಲ್ಲೋ ದುಬಾಯಿಯ ಕಂಪನಿಯಲ್ಲೋ ಇರುತ್ತಾರೆ, ಅಮ್ಮನೂ ಜೊತೆಗೆ. ಮಗು ಮಾತ್ರ ಕಾಪುವಿನಲ್ಲೋ ಬೆಳ್ತಂಗಡಿಯಲ್ಲೋ ಅಜ್ಜಿಮನೆಯಿಂದ ಶಾಲೆಗೆ ಹೋಗುತ್ತದೆ. ತೊಡಕು ಶುರುವಾಗುವುದು ಮಗುವಿನ ಹೆಸರಿನ ಉಳಿತಾಯ ಖಾತೆಗೋ ಸರಕಾರಿ ನೆರವಿಗೋ ಹಾಕುವ ಅರ್ಜಿ ನಮೂನೆಯ ‘ಪೋಷಕರು / ಪಾಲಕರು’ ಎಂಬ ಒಂದು ಗೆರೆಯಲ್ಲಿ. ಅಲ್ಲಿ ಅಜ್ಜಿಯ ಹೆಸರು ಬರೆದರೆ ಒಂದು ಕೌಂಟರಿನಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ಅರ್ಜಿ ವಾಪಸ್ ಬರುತ್ತದೆ. ಇದರಲ್ಲಿ ಗುಮಾಸ್ತರ ಮರ್ಜಿ ಏನೂ ಇಲ್ಲ, ಒಂದೊಂದು ಯೋಜನೆ ಕೇಳುವ ಪ್ರಶ್ನೆಯೇ ಬೇರೆ. ಹೆಣ್ಣುಮಕ್ಕಳ ಉಳಿತಾಯ ಯೋಜನೆಯಾದ ಸುಕನ್ಯಾ ಸಮೃದ್ಧಿ ಕೇಳುವುದು ‘ಕಾನೂನಿನ ಪ್ರಕಾರ ಪಾಲಕರು ಯಾರು’ ಎಂದು. ಆಸರೆ ತಪ್ಪಿದ ಮಕ್ಕಳಿಗೆ ತಿಂಗಳ ನೆರವು ಕೊಡುವ ಪ್ರಾಯೋಜಕತ್ವ ಯೋಜನೆ ಕೇಳುವುದು ‘ಈಗ ಸಾಕುತ್ತಿರುವವರು ಯಾರು, ಏಕೆ’ ಎಂದು. ಕೇಂದ್ರ ಸರಕಾರಿ ನೌಕರರ ಮಕ್ಕಳ ಶಿಕ್ಷಣ ಭತ್ಯೆಗೆ ‘ನೌಕರರು ಯಾರು’ ಎಂಬುದಷ್ಟೇ ಮುಖ್ಯ. ಯಾವ ಪ್ರಶ್ನೆ ಎಂದು ತಿಳಿದುಕೊಂಡು ಹೊರಟರೆ ಅರ್ಧ ಅಲೆದಾಟ ತಪ್ಪುತ್ತದೆ.

ಸುಕನ್ಯಾ ಖಾತೆ: ಅಜ್ಜಿ ತೆರೆದಿದ್ದರೆ

ಮೊಮ್ಮಗಳ ಹೆಸರಿನಲ್ಲಿ ಅಜ್ಜ ಅಥವಾ ಅಜ್ಜಿ ಅಂಚೆ ಕಚೇರಿಗೆ ಹೋಗಿ ಖಾತೆ ತೆರೆದ ಮನೆಗಳು ಇಲ್ಲಿ ಸಾಕಷ್ಟಿವೆ. ನಿಯಮದ ಪ್ರಕಾರ 10 ವರ್ಷದೊಳಗಿನ ಹುಡುಗಿಯ ಖಾತೆ ತೆರೆಯಬೇಕಾದವರು ಹೆತ್ತವರು, ಇಲ್ಲವೇ ನ್ಯಾಯಾಲಯ ನೇಮಿಸಿದ ಪಾಲಕರು. ಅಜ್ಜ–ಅಜ್ಜಿ ತೆರೆದ ಖಾತೆಗಳಲ್ಲಿ ಪಾಲಕತ್ವವನ್ನು ಹೆತ್ತವರಿಗೆ ಅಥವಾ ಕಾನೂನುಬದ್ಧ ಪಾಲಕರಿಗೆ ವರ್ಗಾಯಿಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2024ರಲ್ಲಿ ಸುತ್ತೋಲೆ ಹೊರಡಿಸಿತು. ಅದು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಸೋದರಮಾವನೇ ಯಜಮಾನನಾಗಿದ್ದ ಕಾಲವಿತ್ತು, ಅಂಚೆ ಕೌಂಟರಿಗೆ ಅದು ಲೆಕ್ಕಕ್ಕಿಲ್ಲ.

ಮೊದಲು ಪಾಸ್‌ಬುಕ್ಕಿನ ಮೊದಲ ಪುಟ ತೆರೆದು ಪಾಲಕರ ಹೆಸರು ಯಾರದಿದೆ ನೋಡಿ. ಆಮೇಲೆ ಮುಂಬಯಿಗೆ ಒಂದು ಫೋನ್ ಮಾಡಿ, ಅಲ್ಲಿಯೂ ಇದೇ ಮಗುವಿನ ಹೆಸರಿನಲ್ಲಿ ಖಾತೆ ಇದೆಯೇ ಎಂದು ಕೇಳಿ. ಅಪ್ಪ ಅಲ್ಲೊಂದು, ಅಜ್ಜಿ ಇಲ್ಲೊಂದು ತೆರೆದಿರುವುದು ಅಪರೂಪವಲ್ಲ. ಒಬ್ಬ ಹುಡುಗಿಗೆ ಒಂದೇ ಖಾತೆ, ಒಂದು ಕುಟುಂಬಕ್ಕೆ ಎರಡು (ಅವಳಿ–ತ್ರಿವಳಿ ಹುಟ್ಟಿದ್ದರೆ ವಿನಾಯಿತಿ). ಹೆಚ್ಚುವರಿ ಖಾತೆಯನ್ನು ನಿಯಮಕ್ಕೆ ವಿರುದ್ಧವಾಗಿ ತೆರೆದದ್ದೆಂದು ಮುಚ್ಚುತ್ತಾರೆ. ಎರಡಿದ್ದರೆ ನೀವೇ ಮೊದಲು ಹೇಳಿಬಿಡುವುದು ವಾಸಿ.

ವರ್ಗಾವಣೆಗೆ ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ಹೊಸದಾಗಿ ಪಾಲಕರಾಗುವ ಅಪ್ಪ ಅಥವಾ ಅಮ್ಮನ ಆಧಾರ್, ಪಾನ್ ಮತ್ತು ಭಾವಚಿತ್ರ ಬೇಕು. ಅಜ್ಜಿಯೂ ಸಹಿ ಹಾಕಬೇಕು. ಹೆತ್ತವರಿಬ್ಬರೂ ಹೊರಗಿದ್ದರೆ ಮೇ ರಜೆಯಲ್ಲೋ ಊರ ಜಾತ್ರೆಗೋ ಬಂದಾಗ ಒಂದು ಬೆಳಗ್ಗೆ ಇದಕ್ಕೆಂದೇ ಇಟ್ಟುಕೊಳ್ಳಿ. ಅಪ್ಪನೇ ಆಗಬೇಕೆಂದಿಲ್ಲ, ಅಮ್ಮ ಸಾಕು.

ತಡೆ ಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಮಹಾರಾಷ್ಟ್ರದ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಶೆಟ್ಟಿ ಅಥವಾ ಪೂಜಾರಿ ಎಂದಿರುತ್ತದೆ. ಇಲ್ಲಿನ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ಇನಿಷಿಯಲ್‌ಗೆ ಇಳಿದಿರುತ್ತದೆ. ಆಧಾರ್‌ನಲ್ಲಿ ಮೂರನೆಯದೊಂದು ರೂಪ. ಜನನ ಪ್ರಮಾಣಪತ್ರವನ್ನು ಆಧಾರವಾಗಿಟ್ಟುಕೊಂಡು ಮೊದಲು ಆಧಾರ್ ಸರಿಪಡಿಸಿ, ಆಮೇಲೆ ಶಾಲೆಯ ದಾಖಲೆ. ಈ ಕ್ರಮ ತಿರುಗಿಸಿದರೆ ಎರಡೆರಡು ಬಾರಿ ತಿದ್ದಬೇಕಾಗುತ್ತದೆ.

ಪಾಲಕರ ಹೆಸರು ಬದಲಾದರೂ ಹಣ ಅಜ್ಜಿಯ ಪಿಂಚಣಿಯಿಂದಲೇ ಬಂದರೆ ಅಡ್ಡಿಯಿಲ್ಲ. ವರ್ಷಕ್ಕೆ ಕನಿಷ್ಠ 250 ರೂ., ಗರಿಷ್ಠ 1.5 ಲಕ್ಷ ರೂ. ಕನಿಷ್ಠ ಮೊತ್ತ ತಪ್ಪಿದರೆ ಆ ವರ್ಷಕ್ಕೆ 50 ರೂ. ದಂಡ.

ಹೆತ್ತವರು ತೀರಿಕೊಂಡಿದ್ದರೆ

ಇಲ್ಲಿ ಲೆಕ್ಕ ಬದಲಾಗುತ್ತದೆ. ನೋಟರಿ ಮಾಡಿಸಿದ ಅಫಿಡವಿಟ್ ಅಜ್ಜಿಯನ್ನು ಕಾನೂನುಬದ್ಧ ಪಾಲಕಿಯಾಗಿಸುವುದಿಲ್ಲ. ಸ್ಟಾಂಪ್ ಪೇಪರಿಗೆ ಸುರಿಯುವ ದುಡ್ಡು ದಂಡ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ನ್ಯಾಯಾಲಯದ ಆದೇಶವೇ ಬೇಕು. ಒಂದು ಅನುಕೂಲವಿದೆ: ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಜಿಲ್ಲಾ ನ್ಯಾಯಾಲಯದಲ್ಲಿ, ಕೌಟುಂಬಿಕ ನ್ಯಾಯಾಲಯ ಇರುವಲ್ಲಿ ಅಲ್ಲಿ. ಅಪ್ಪ ತೀರಿಕೊಂಡದ್ದು ಮುಂಬಯಿಯಲ್ಲಾದರೂ ಮಗು ಬ್ರಹ್ಮಾವರದ ಶಾಲೆಗೆ ಹೋಗುತ್ತಿದ್ದರೆ ಉಡುಪಿಯಲ್ಲೇ ಅರ್ಜಿ ಹಾಕಬಹುದು. ವಾಸಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಒಳ್ಳೆಯ ಸಾಕ್ಷಿ.

ಹಾಗೆಂದು ಎಲ್ಲ ನೆರವಿಗೂ ಕೋರ್ಟಿನ ತನಕ ಹೋಗಬೇಕಿಲ್ಲ. ಮಕ್ಕಳ ರಕ್ಷಣೆಗಿರುವ ಕೇಂದ್ರದ ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವ ಯೋಜನೆ ಇರುವುದೇ ಸಾಕುತ್ತಿರುವವರ ಕೈ ಹಿಡಿಯಲು. ಮಗುವಿಗೆ ತಿಂಗಳಿಗೆ 4,000 ರೂ., ಗರಿಷ್ಠ 18 ವರ್ಷದವರೆಗೆ. ಹೆತ್ತವರಿಲ್ಲದೆ ಬಂಧುಗಳ ಮನೆಯಲ್ಲಿರುವ ಮಕ್ಕಳು, ತಾಯಿ ವಿಧವೆ, ವಿಚ್ಛೇದಿತೆ ಅಥವಾ ಪರಿತ್ಯಕ್ತೆಯಾಗಿರುವ ಮಕ್ಕಳು, ಹೆತ್ತವರು ಪ್ರಾಣಾಂತಿಕ ಕಾಯಿಲೆಯಿಂದಲೋ ಅಪಘಾತದಿಂದಲೋ ಸಾಕಲಾಗದ ಸ್ಥಿತಿಯಲ್ಲಿರುವ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000 ರೂ., ಇತರೆಡೆ 96,000 ರೂ. ಮೀರಬಾರದು.

ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ದಾರಿ ಗೊತ್ತಿಲ್ಲದವರು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮರಣ ಪ್ರಮಾಣಪತ್ರ, ಮಗುವಿನ ಮತ್ತು ಸಾಕುವವರ ಆಧಾರ್, ಜನನ ಹಾಗೂ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಇವಿಷ್ಟನ್ನು ಜೋಡಿಸಿಕೊಳ್ಳಿ. ಘಟಕದವರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ವಿಷಯ ಹೋಗಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಅನುಮೋದನಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ಮನೆಭೇಟಿಯ ದಿನ ಮಗು ಮನೆಯಲ್ಲಿರಲಿ.

ತಿರಸ್ಕಾರವಾಗುವ ಒಂದು ಬಗೆಯ ಅರ್ಜಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಅಪ್ಪ–ಅಮ್ಮ ಇಬ್ಬರೂ ಆರೋಗ್ಯವಾಗಿದ್ದು ಹೊರಗೆ ದುಡಿಯುತ್ತಿದ್ದರೆ, ಮಗು ಅಜ್ಜಿಮನೆಯಲ್ಲಿದೆ ಎಂಬುದೊಂದೇ ಅರ್ಹತೆಯಲ್ಲ. ಅಜ್ಜಿಯ ಆದಾಯ ಸೊನ್ನೆ ಎಂದು ತೋರಿಸಿದರೂ ಮನೆಭೇಟಿಯಲ್ಲಿ ಅದು ನಿಲ್ಲುವುದಿಲ್ಲ.

ಪಿಎಫ್ ಪಿಂಚಣಿ: ಹೆಚ್ಚಿನವರು ಬಿಟ್ಟುಬಿಡುವ ಹಕ್ಕು

ತೀರಿಕೊಂಡ ಅಪ್ಪನಿಗೆ ಪಿಎಫ್ ಇತ್ತೇ? ಇದ್ದರೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಮಕ್ಕಳಿಗೂ ಪಾಲಿದೆ. ಒಂದು ಸಲಕ್ಕೆ ಇಬ್ಬರು ಮಕ್ಕಳಿಗೆ, 25 ವರ್ಷದವರೆಗೆ. ತಾಯಿಗೆ ವಿಧವಾ ಪಿಂಚಣಿ ಬರುತ್ತಿದ್ದರೆ ಅದರ ಶೇ 25ರಷ್ಟು ಪ್ರತಿ ಮಗುವಿಗೆ, ಕನಿಷ್ಠ 250 ರೂ. ತಾಯಿಯೂ ಇಲ್ಲದಿದ್ದರೆ ಅನಾಥ ಪಿಂಚಣಿ, ವಿಧವಾ ಪಿಂಚಣಿಯ ಶೇ 75, ಕನಿಷ್ಠ 750 ರೂ.

ಗಮನಿಸಬೇಕಾದದ್ದು ಇದು: ತಾಯಿ ಮರುಮದುವೆಯಾದರೆ ಅವರ ವಿಧವಾ ಪಿಂಚಣಿ ನಿಲ್ಲುತ್ತದೆ, ಮಕ್ಕಳ ಪಿಂಚಣಿ ಅನಾಥ ಪಿಂಚಣಿಯ ದರಕ್ಕೆ ಏರುತ್ತದೆ. ತಾಯಿ ಹೊಸ ಮನೆಗೆ ಹೋಗಿ ಮಗು ಅಜ್ಜಿಯೊಡನೆ ಉಳಿದ ಕಡೆ ಈ ಬದಲಾವಣೆಯನ್ನು ಯಾರೂ ಕೇಳದೆ ವರ್ಷಗಳು ಹೋಗಿಬಿಡುತ್ತವೆ. ನಮೂನೆ 10–ಡಿ ತುಂಬಿ, ಅಪ್ಪ ಕೆಲಸ ಮಾಡುತ್ತಿದ್ದ ಸಂಸ್ಥೆಯ ಮೂಲಕ ಪಿಎಫ್ ಕಚೇರಿಗೆ ಕೊಡಬೇಕು. ಹೆತ್ತವರಿಬ್ಬರೂ ಇಲ್ಲದಾಗ ಮೇಲೆ ಹೇಳಿದ ಕೋರ್ಟಿನ ಪಾಲಕತ್ವದ ಆದೇಶ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಪ್ರತಿ ವರ್ಷ ಜೀವಂತ ಪ್ರಮಾಣಪತ್ರ ಕೊಡಲು ಮರೆಯಬೇಡಿ, ಮರೆತರೆ ಪಿಂಚಣಿ ನಿಲ್ಲುತ್ತದೆ.

ಕೇಂದ್ರ ನೌಕರರ ಶಿಕ್ಷಣ ಭತ್ಯೆ

ರೈಲ್ವೆ, ಅಂಚೆ, ಅರೆಸೇನಾ ಪಡೆ ಮುಂತಾದೆಡೆ ಕೇಂದ್ರ ಸರಕಾರಿ ಕೆಲಸದಲ್ಲಿರುವವರಿಗೆ ಮಗು ಎಲ್ಲಿದೆ ಎಂಬುದು ಅಡ್ಡಿಯಲ್ಲ. ಜೋಧ್‌ಪುರದಲ್ಲಿರುವ ಜವಾನ ಕಾರ್ಕಳದಲ್ಲಿ ಓದುವ ಮಗನಿಗೆ ಭತ್ಯೆ ಕೇಳಬಹುದು. 2024ರ ಜನವರಿಯಿಂದ ತಿಂಗಳಿಗೆ 2,812.50 ರೂ., ಅಂದರೆ ವರ್ಷಕ್ಕೆ 33,750 ರೂ. ಖರ್ಚಿನ ರಸೀದಿ ಬೇಡ, ಶೈಕ್ಷಣಿಕ ವರ್ಷ ಮುಗಿದ ಮೇಲೆ ಶಾಲೆಯ ಮುಖ್ಯಸ್ಥರ ಪ್ರಮಾಣಪತ್ರ ಸಾಕು. ಹಿರಿಯ ಇಬ್ಬರು ಮಕ್ಕಳಿಗೆ ಮಾತ್ರ. ಗಂಡ–ಹೆಂಡತಿ ಇಬ್ಬರೂ ಕೇಂದ್ರ ನೌಕರರಾದರೆ ಒಬ್ಬರೇ ಕೇಳಬೇಕು.

ಹಾಸ್ಟೆಲ್ ಸಹಾಯಧನದಲ್ಲಿ ಮಾತ್ರ ದೂರದ ಲೆಕ್ಕವಿದೆ. ತಿಂಗಳಿಗೆ ಗರಿಷ್ಠ 8,437.50 ರೂ., ಆದರೆ ವಸತಿ ಶಾಲೆ ನೌಕರರ ಮನೆಯಿಂದ 50 ಕಿ.ಮೀ. ಆಚೆ ಇರಬೇಕು. ಮಂಗಳೂರಿನಲ್ಲಿ ಮನೆ ಇರುವವರು ಮಗುವನ್ನು ಮೂಡುಬಿದಿರೆಯ ಹಾಸ್ಟೆಲಿಗೆ ಸೇರಿಸಿದರೆ ಆ ಅಂತರ ಆಗುವುದಿಲ್ಲ. ಸಾಮಾನ್ಯ ಶಿಕ್ಷಣ ಭತ್ಯೆಯಷ್ಟೇ ಸಿಗುತ್ತದೆ.

ಬ್ರಿಟನ್ನಿಗೆ ನರ್ಸ್ ಕೆಲಸಕ್ಕೆ ಹೋದವರು ಕೇಳುವುದುಂಟು, ಅಲ್ಲಿನ ಮಕ್ಕಳ ಭತ್ಯೆ ಊರಲ್ಲಿರುವ ಮಗುವಿಗೆ ಸಿಗುತ್ತದೆಯೇ ಎಂದು. ಇಲ್ಲ. ಮಗು ಸಾಮಾನ್ಯವಾಗಿ ಬ್ರಿಟನ್ನಿನಲ್ಲೇ ವಾಸವಿರಬೇಕು. ಕೆಲಸದ ವೀಸಾದಲ್ಲಿ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತಿದ್ದರೆ ಮಗು ಜೊತೆಗಿದ್ದರೂ ಸಾಮಾನ್ಯವಾಗಿ ಕೇಳುವಂತಿಲ್ಲ.

ಮಂಜೂರಾದ ಮೇಲೂ ಹಣ ಬಾರದಿದ್ದರೆ

ಎರಡು ಕಡೆ ನೋಡಿ. ಒಂದು, ಪಾಸ್‌ಬುಕ್. ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್‌ಗೆ 2020ರ ಏಪ್ರಿಲ್ 1ರಂದು ಸೇರಿದವು. ಹಳೆಯ ಐಎಫ್‌ಎಸ್‌ಸಿ ಸಂಖ್ಯೆ ಈಗ ನಡೆಯುವುದಿಲ್ಲ. ಕಪಾಟಿನಲ್ಲಿ ಜೋಪಾನವಾಗಿಟ್ಟ ಹಳೆಯ ಪಾಸ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಬೇಡಿ, ಶಾಖೆಯಲ್ಲಿ ಹೊಸದು ಮಾಡಿಸಿ.

ಇನ್ನೊಂದು, ಆಧಾರ್ ಜೋಡಣೆ. ಆಧಾರ್ ಮೂಲಕ ಬರುವ ನೇರ ನಗದು ವರ್ಗಾವಣೆಯ ಹಣ ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಮಗುವಿಗೆ ಮುಂಬಯಿಯಲ್ಲಿ ಖಾತೆ ತೆರೆದು ಜೋಡಿಸಿದ್ದರೆ ಹಣ ಅಲ್ಲಿ ಬಿದ್ದಿರುತ್ತದೆ. ಯಾವ ಬ್ಯಾಂಕ್ ಎಂದು ಮೈ ಆಧಾರ್ ಜಾಲತಾಣದಲ್ಲಿ ನೋಡಬಹುದು. ಆದರೆ ಓಟಿಪಿ ಹೋಗುವುದು ನೋಂದಾಯಿತ ಮೊಬೈಲಿಗೆ, ಅದು ಅಪ್ಪನ ಹಳೆಯ ಸಿಮ್ ಆಗಿದ್ದರೆ ಇಲ್ಲಿ ಕುಳಿತು ಏನೂ ತೆರೆಯುವುದಿಲ್ಲ. ಅರ್ಜಿ ಹಾಕುವ ಮೊದಲೇ ಆಧಾರ್ ಕೇಂದ್ರಕ್ಕೆ ಮಗುವನ್ನು ಕರೆದುಕೊಂಡು ಹೋಗಿ ಮನೆಯಲ್ಲಿರುವ ಫೋನಿನ ನಂಬರ್ ಹಾಕಿಸಿಕೊಳ್ಳಿ.