ಜಾಮ್ ಆದ ಕ್ಯಾರವಾನ್ ಕಾಲಿಗೆ ಒಂದು ರಾತ್ರಿ ಟೈಮ್ ಕೊಡಿ

ನಮ್ಮ ಅಳಿಯಂದಿರು ಕಾರಿನ ಹಿಂದೆ ಕಟ್ಟಿ ಎಳೆಯುವ ಒಂದು ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಇಟ್ಟುಕೊಂಡಿದ್ದಾರೆ. ವರ್ಷಕ್ಕೆ ಎರಡು ಸಲ ಸಕಲೇಶಪುರದ ಕಡೆ ಹೋಗಿಬರುತ್ತಾರೆ. ಮಿಕ್ಕ ದಿನವೆಲ್ಲ ಅದು ಬೆಂಗಳೂರಿನ ಬನಶಂಕರಿಯಲ್ಲಿ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮಳೆಗೆ ನೆನೆಯುತ್ತಾ ನಿಂತಿರುತ್ತದೆ. ಹೋದ ಆಯುಧ ಪೂಜೆಗೆ ತೊಳೆಯೋಣ ಅಂತ ಹೊರಟರೆ, ನಾಲ್ಕು ಮೂಲೆಯ ಕಾಲುಗಳಲ್ಲಿ ಎರಡು ಮೇಲೆ ಏಳಲೇ ಇಲ್ಲ. ಅಳಿಯಂದಿರು ಹ್ಯಾಂಡಲ್‌ಗೆ ಕಬ್ಬಿಣದ ಪೈಪ್ ತೂರಿಸಿ ಜಗ್ಗಿದರು. ಟಕ್ ಅಂತು. ತುಕ್ಕು ಬಿಡಲಿಲ್ಲ, ಹ್ಯಾಂಡಲ್ ಕೂರುವ ಬೋಲ್ಟ್ ತಲೆ ಸವೆದು ಗುಂಡಗಾಯಿತು.

ನಾನು 40 ವರ್ಷ ಹೊಲಿಗೆ ಮೆಷಿನ್ ತುಳಿದವಳು. ಜಾಮ್ ಆದದ್ದನ್ನು ಜೋರು ಮಾಡಿ ಬಿಡಿಸುತ್ತೇನೆ ಅಂದರೆ ಇನ್ನೊಂದು ಭಾಗ ಮುರಿಯುತ್ತದೆ, ಅಷ್ಟೇ. "ಒಂದು ರಾತ್ರಿ ಬಿಡಿ, ನಾಳೆ ನೋಡೋಣ" ಅಂದೆ. "ಪೂಜೆ ಇವತ್ತೇ ಅಲ್ವಾ ಅತ್ತೆ" ಅಂದರು. ಪೂಜೆಗೆ ಕಾಲು ಎತ್ತಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ನಿಂತಲ್ಲೇ ನಿಂಬೆಹಣ್ಣು, ಕುಂಬಳಕಾಯಿ ಆಯಿತು.

ಈ ಕಾಲು ನೋಡಲು ಕಾರಿನ ಜಾಕಿಯ ಹಾಗೇ ಇದೆ. ಉದ್ದನೆ ಸ್ಕ್ರೂ ರಾಡ್, ಅದರ ಮೇಲೆ ಓಡುವ ನಟ್ಟು. ರಾಡ್ ತಿರುಗಿದರೆ ನಟ್ಟು ಸರಿಯುತ್ತದೆ, ಕಾಲು ಮಡಚುತ್ತದೆ. ಆದರೆ ಇದು ಜಾಕಿ ಅಲ್ಲ. ಒಳಗೆ ಓಡಾಡುವಾಗ ಗಾಡಿ ಅಲ್ಲಾಡದಿರಲಿ ಅಂತ ಕೊಟ್ಟ ಊರುಗೋಲು ಮಾತ್ರ. ಇದರಲ್ಲೇ ಗಾಡಿ ಎತ್ತಲು ಹೋಗಿ ರಾಡ್ ಬಗ್ಗಿಸಿಕೊಂಡವರು ಇದ್ದಾರೆ. ಅದಕ್ಕೇ ಮೊದಲು ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೋಡಿ. ರಾಡ್ ಬಾಗಿದ್ದರೆ ಎಣ್ಣೆ ಸುರಿದು ಪ್ರಯೋಜನವಿಲ್ಲ, ಬದಲಾಯಿಸಿ.

ಕೈ ಹಾಕುವ ಮುಂಚೆ ಗಾಡಿಯನ್ನು ಕಾರಿಗೆ ಕೊಂಡಿ ಹಾಕಿಯೇ ಇಡಿ. ಇಲ್ಲದಿದ್ದರೆ ಹಿಂದಿನ ಕಾಲು ಬಿಟ್ಟಾಗ ಹಿಂಭಾಗ ಕೆಳಗೆ ಕೂತುಬಿಡಬಹುದು. ಹ್ಯಾಂಡ್‌ಬ್ರೇಕ್ ಎಳೆದು ಚಕ್ರದ ಹಿಂದೆ ಮುಂದೆ ಕಲ್ಲಿಡಿ. ಗಾಡಿ ಕೆಳಗೆ ತೂರಬೇಡಿ, ಕೈ ಚಾಚಿದರೆ ಸಾಕು.

ರಾಡ್ ಮೇಲೆ ಹಳೆ ಗ್ರೀಸ್ ನೋಡಿದರೆ ಹುಣಸೆಹಣ್ಣಿನ ರಸ ಒಣಗಿದ ಹಾಗಿತ್ತು. ಗ್ರೀಸ್ ಜೊತೆ ನಮ್ಮ ಬೀದಿಯ ಧೂಳು ಸೇರಿದರೆ ಅದು ಥ್ರೆಡ್ಡನ್ನು ಉಜ್ಜುವ ಮರಳು ಕಾಗದ ಆಗುತ್ತದೆ. ಮೊದಲು ಒಣ ತಂತಿ ಬ್ರಷ್‌ನಲ್ಲಿ ತಿಕ್ಕಿ, ಆಮೇಲೆ ಸ್ವಲ್ಪ ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಗ್ಯಾಸ್ ಸಿಲಿಂಡರ್ ಬಂದ್ ಇರಲಿ, ಹತ್ತಿರ ಯಾರೂ ಬೀಡಿ ಸೇದದಿರಲಿ.

ಈಗ ತುಕ್ಕು ಬಿಡಿಸುವ ಸ್ಪ್ರೇ. ನಟ್ಟಿನ ಎರಡೂ ಬದಿ, ಕಾಲು ಮಡಚುವ ಪಿನ್ನುಗಳು, ರಾಡ್ ತಿರುಗುವ ತುದಿ, ಈ ಜಾಗಗಳಿಗೆ ಹೊಡೆಯಿರಿ. ಸಂಜೆ ಒಂದು ಸಲ, ಮಲಗುವ ಮುಂಚೆ ಇನ್ನೊಂದು ಸಲ, ಬೆಳಿಗ್ಗೆ ಎದ್ದು ಮತ್ತೊಂದು. ಆಮೇಲೆ ಸರಿಯಾದ ಸೈಜಿನ ಸಾಕೆಟ್ ಹಾಕಿ (ನಮ್ಮದಕ್ಕೆ 19 ಮಿ.ಮೀ.) ಒಂದು ಸುತ್ತಿನ ನಾಲ್ಕನೇ ಒಂದು ಭಾಗ ಈ ಕಡೆ, ಅಷ್ಟೇ ಆ ಕಡೆ ತಿರುಗಿಸಿ. ಒಂದೇ ಕಡೆ ಜಗ್ಗಬೇಡಿ. ನಟ್ಟಿನ ಬಾಯಲ್ಲಿ ಕಾಫಿ ಬಣ್ಣದ ನೀರು ಒಸರಿತು ಅಂದರೆ ಒಳಗೆ ಎಣ್ಣೆ ಇಳಿದಿದೆ. ಮತ್ತೆ ಸ್ಪ್ರೇ, ಮತ್ತೆ ಅರ್ಧ ಸುತ್ತು. ಬೆಂಕಿಯಲ್ಲಿ ಕಾಯಿಸುವ ಕೆಲಸ ಬೇಡವೇ ಬೇಡ, ಮೇಲೆ ಪ್ಲೈವುಡ್ ನೆಲ ಇದೆ.

ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೆ ಮುಗಿಯಿತು ಅಂದುಕೊಂಡವರು ಜಾಸ್ತಿ. ಅದು 1953ರಲ್ಲಿ ಅಮೆರಿಕದಲ್ಲಿ ನೀರು ಓಡಿಸಲು ಮಾಡಿದ ದ್ರವ. 40ನೇ ಪ್ರಯತ್ನಕ್ಕೆ ಸರಿಹೋಯಿತು, ಹೆಸರೂ ಅದೇ ಆಯಿತು. ಬಿಡಿಸಲು ಸಹಾಯ ಮಾಡುತ್ತದೆ, ಆದರೆ ವರ್ಷಗಟ್ಟಲೆ ನಿಲ್ಲುವ ಎಣ್ಣೆ ಅಲ್ಲ.

ಹಾಗಾಗಿ ಬಿಟ್ಟ ಮೇಲೆ ಪೂರ್ತಿ ಒರೆಸಿ ಒಣಗಿಸಿ. ರಾಡ್‌ಗೆ ಧೂಳು ಅಂಟದ, ಸಲೀಸಾಗಿ ಜಾರುವಂತೆ ಮಾಡುವ ಒಣ ಸ್ಪ್ರೇ ಒಳ್ಳೆಯದು. ಸಿಗದಿದ್ದರೆ ಗ್ರೀಸ್ ಹಚ್ಚಿ, ಆದರೆ ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟೇ ತೆಳ್ಳಗೆ. ಹತ್ತು ಸಲ ಪೂರ್ತಿ ಮೇಲೆ ಕೆಳಗೆ ಮಾಡಿ, ಮಿಕ್ಕದ್ದನ್ನು ಒರೆಸಿಬಿಡಿ. ಪಿನ್ನುಗಳಿಗೆ ನನ್ನ ಮೆಷಿನ್ ಎಣ್ಣೆಯೇ ಎರಡೆರಡು ತೊಟ್ಟು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಸುಮಾರು 24 ಡಿಗ್ರಿಗೇ ಅದು ಗಟ್ಟಿಯಾಗುತ್ತದೆ, ನಮ್ಮ ಡಿಸೆಂಬರ್ ಬೆಳಿಗ್ಗೆ ಬಾಟಲಿ ನೋಡಿದವರಿಗೆ ಗೊತ್ತು.

ಗಾಡಿ ನಿಂತೇ ಇದ್ದರೂ ತಿಂಗಳಿಗೊಮ್ಮೆ ಕಾಲುಗಳನ್ನು ಎತ್ತಿ ಇಳಿಸಿ. ಕಾಲಿನ ಕೆಳಗೆ ಹಲಗೆ ಇಡಿ, ಮಣ್ಣಿನಲ್ಲಿ ಹೂತರೆ ತುಕ್ಕು ಅಲ್ಲಿಂದಲೇ ಶುರು.

ನಮ್ಮದರಲ್ಲಿ ಒಂದು ಕಾಲು ಮರುದಿನ ಬೆಳಿಗ್ಗೆ ಬಂತು. ಬೋಲ್ಟ್ ತಲೆ ಸವೆದ ಇನ್ನೊಂದು ಬಂದದ್ದು ಮೂರನೇ ದಿನ, ಪೈಪ್ ರೆಂಚ್ ಕಚ್ಚಿಸಿ ತಿರುಗಿಸಬೇಕಾಯಿತು. ಅದಕ್ಕೆ ಹೊಸ ರಾಡ್ ಬೇಕು. ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗಿ ತರುತ್ತೇನೆ ಅಂದಿದ್ದ ಅಳಿಯಂದಿರು ಇನ್ನೂ ಹೋಗಿಲ್ಲ.