ಟ್ರೇಲರ್ ಮನೆಯ ಗೋಡೆಗೆ ಟಿವಿ ಕೂರಿಸಿದ ನನ್ನ ಅನುಭವ

ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ನಮ್ಮ ಟ್ರೇಲರ್ ಮನೆಯ ಗೋಡೆಗೆ ನಾನು ಮೊದಲ ಸಲ ಕೂರಿಸಿದ ಟಿವಿ ಬಾಳಿದ್ದು ಒಂದೇ ಒಂದು ಪ್ರಯಾಣ. ಅಮೆರಿಕದ ಮಿಷಿಗನ್ ರಾಜ್ಯದ ಆಗ್ನೇಯ ಭಾಗದಲ್ಲಿರುವ ನಮ್ಮ ಮನೆಯಿಂದ ಲಡಿಂಗ್ಟನ್ ಸ್ಟೇಟ್ ಪಾರ್ಕಿಗೆ ಹೊರಟಿದ್ದೆವು. ಈ ರಾಜ್ಯದ ರಸ್ತೆಗಳಲ್ಲಿ ಚಳಿಗಾಲದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ವಸಂತದ ಹೊತ್ತಿಗೆ ಡಾಂಬರಿನಲ್ಲಿ ಗುಂಡಿಗಳನ್ನು ಎಬ್ಬಿಸಿರುತ್ತದೆ. ಸಂಜೆ ಪಾರ್ಕು ತಲುಪಿ ಬಾಗಿಲು ತೆರೆದಾಗ ಟಿವಿ ತನ್ನನ್ನು ಗೋಡೆಗೆ ಹಿಡಿದಿದ್ದ, ಮಡಿಸುವ ಕಬ್ಬಿಣದ ತೋಳಿನ ಸಮೇತ ಊಟದ ಮೇಜಿನ ಮೇಲೆ ಮಕಾಡೆ ಬಿದ್ದಿತ್ತು. ಗೋಡೆಯಲ್ಲಿ ನಾಲ್ಕು ತೂತುಗಳಿದ್ದವು. ಪ್ರತಿ ತೂತಿನ ಅಂಚಿನಲ್ಲೂ ತೆಳುವಾದ ಪ್ಲೈವುಡ್ ಸೀಳು ಸೀಳಾಗಿ ಹೊರಕ್ಕೆ ಬಾಗಿತ್ತು, ಮೇಜಿನ ತುಂಬ ಥರ್ಮಾಕೋಲಿನ ಬಿಳಿ ಕಾಳುಗಳು ಚೆಲ್ಲಿದ್ದವು. ಆ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ನನ್ನ ಅಪ್ಪ ಅಮ್ಮ ನಮ್ಮ ಜೊತೆಗಿದ್ದರು. ಮಳೆ ಹಿಡಿದು ಒಳಗೇ ಕೂರಬೇಕಾದ ದಿನಗಳಲ್ಲಿ ಅವರಿಗೆ ಬೇಸರವಾಗಬಾರದೆಂದೇ ನಾನು ಅವಸರದಲ್ಲಿ ಟಿವಿ ಹಾಕಿದ್ದೆ.

ತಪ್ಪು ಎಲ್ಲಾಯಿತೆಂದು ತಿಳಿಯಲು ಆ ತೂತುಗಳನ್ನು ಚೆನ್ನಾಗಿ ನೋಡಿದರೆ ಸಾಕಾಗಿತ್ತು. ನಾನು ಬಳಸಿದ್ದು ಇಲ್ಲಿನ ಮನೆಗಳ ಜಿಪ್ಸಮ್ ಗೋಡೆಗೆ ಹಾಕುವ ಪ್ಲಾಸ್ಟಿಕ್ ಬೆಣೆ. ಜಿಪ್ಸಮ್ ಹಲಗೆ ಸುಮಾರು 12 ಮಿಲಿಮೀಟರ್ ದಪ್ಪವಿರುವುದರಿಂದ ಬೆಣೆ ಅದರೊಳಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ. ನಮ್ಮ ಟ್ರೇಲರಿನ ಗೋಡೆಯಾದರೋ ಪದರ ಪದರವಾಗಿ ಅಂಟಿಸಿದ್ದು: ಹೊರಗೆ ಫೈಬರ್‌ಗ್ಲಾಸ್ ಹಾಳೆ, ನಡುವೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಆ ಚೌಕಟ್ಟಿನ ಸಂದುಗಳಲ್ಲಿ ಥರ್ಮಾಕೋಲ್, ಒಳಬದಿಗೆ 3 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದ. ಎಲ್ಲ ಸೇರಿ 45 ಮಿಲಿಮೀಟರ್ ಆಸುಪಾಸು. ಬೆಣೆಗೆ ಕಚ್ಚಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದ ಟ್ರೇಲರುಗಳೂ ಇವೆ. ಅವುಗಳಲ್ಲಿ ಕೆಲಸ ಸ್ವಲ್ಪ ಸುಲಭ, ಆದರೆ ಒಳಗಿನ ಪ್ಲೈವುಡ್ ಅಲ್ಲಿಯೂ ಇಷ್ಟೇ ತೆಳು.

ಎರಡನೆಯ ಸಲ ಉಪಕರಣ ಮುಟ್ಟುವ ಮೊದಲು ನಾನು ಲೆಕ್ಕ ಹಾಕಿದೆ. 32 ಇಂಚಿನ ನಮ್ಮ ಟಿವಿಯ ತೂಕ 4.5 ಕಿಲೋ. ತೋಳನ್ನು ಪೂರ್ತಿ ಹೊರಗೆ ಎಳೆದಾಗ ಟಿವಿ ಗೋಡೆಯಿಂದ 45 ಸೆಂಟಿಮೀಟರ್ ದೂರ ನಿಲ್ಲುತ್ತದೆ. ಗೋಡೆಗೆ ಹಿಡಿಯುವ ತಟ್ಟೆಯ ಮೇಲಿನ ಸ್ಕ್ರೂಗಳಿಗೂ ಕೆಳಗಿನ ಸ್ಕ್ರೂಗಳಿಗೂ ನಡುವೆ 15 ಸೆಂಟಿಮೀಟರ್ ಅಂತರ. ಹಾಗಾದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳುವ ಬಲ 4.5 ಅನ್ನು 45ರಿಂದ ಗುಣಿಸಿ 15ರಿಂದ ಭಾಗಿಸಿದಷ್ಟು, ಅಂದರೆ 13.5 ಕಿಲೋ, ಗುಂಡಿಯಲ್ಲಿ ಚಕ್ರ ಕುಸಿದು ಎದ್ದಾಗ ಅದು ಮೂರು ಪಟ್ಟಾದರೆ 40 ಕಿಲೋ ದಾಟುತ್ತದೆ. ಅದೇ ತೋಳನ್ನು ಮಡಿಸಿ ಟಿವಿಯನ್ನು ಗೋಡೆಯಿಂದ 8 ಸೆಂಟಿಮೀಟರ್ ದೂರಕ್ಕೆ ತಂದರೆ ಕೀಳುವ ಬಲ 2.4 ಕಿಲೋಗೆ ಇಳಿಯುತ್ತದೆ, ಅದರ ಮೂರು ಪಟ್ಟೂ ಏಳೂಕಾಲು ಕಿಲೋ ಮೀರುವುದಿಲ್ಲ. ನನ್ನ ಮೊದಲ ತೋಳಿಗೆ ಬೀಗದ ಕೊಂಡಿ ಇರಲಿಲ್ಲ. ಓಡುವಾಗ ಅದು ತಾನಾಗಿ ತೆರೆದುಕೊಂಡು ಟಿವಿಯನ್ನು ಅತ್ತಿತ್ತ ಬೀಸಿತ್ತು. ನಿಂತ ಮನೆಯಲ್ಲಿ ಗೋಡೆ ಹೊರಬೇಕಾದದ್ದು ಟಿವಿಯ ತೂಕವನ್ನು ಮಾತ್ರ. ಓಡುವ ಮನೆಯಲ್ಲಿ ಅದು ಅಲುಗಾಟವನ್ನೂ ತಡೆಯಬೇಕು, ಮತ್ತು ಆ ಅಲುಗಾಟ ಪ್ಲೈವುಡ್ಡಿನ ಮೇಲೆ ಬೀಳದೆ ನೇರವಾಗಿ ಚೌಕಟ್ಟಿಗೆ ಹೋಗಬೇಕು.

ಆದರೆ ಚೌಕಟ್ಟು ಎಲ್ಲಿದೆ? ಅಪ್ಪ ಮರದ ಕೆಲಸ ನೋಡುತ್ತ ಬೆಳೆದವರು. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಅಡಿಯಿಂದ ಮುಡಿಯವರೆಗೆ ತಟ್ಟುತ್ತ ಬಂದು, "ಇಲ್ಲೆಲ್ಲ ಒಳಗೆ ಪೊಳ್ಳು ಕಣಮ್ಮ. ಮೊಳೆ ಹಿಡಿಯೋ ಜಾಗ ಮೊದಲು ಹುಡುಕು, ಆಮೇಲೆ ಡ್ರಿಲ್ ತಗೋ" ಎಂದರು. ಮರದ ಚೌಕಟ್ಟಿದ್ದರೆ ಅಯಸ್ಕಾಂತವನ್ನು ಗೋಡೆಯ ಮೇಲೆ ಜಾರಿಸಿ ಪ್ಲೈವುಡ್ಡನ್ನು ಚೌಕಟ್ಟಿಗೆ ಹಿಡಿದಿರುವ ಪಿನ್ನುಗಳ ಸಾಲನ್ನು ಪತ್ತೆ ಮಾಡಬಹುದು. ನಮ್ಮದು ಅಂಟಿಸಿದ ಗೋಡೆಯಾದ್ದರಿಂದ ಅಲ್ಲಿ ಪಿನ್ನು ಇಲ್ಲ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದೂ ಇಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ 16 ಇಂಚಿಗೊಂದು ಕಂಬವಿರುತ್ತದೆ ಎಂಬ ಅಂದಾಜೂ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಕಿಟಕಿ ಬಾಗಿಲುಗಳಿಗೆ ತಕ್ಕಂತೆ ಕೊಳವೆಗಳ ಜಾಗ ಬದಲಾಗಿರುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಇಬ್ಬನಿ. ಶರತ್ಕಾಲದ ಒಂದು ಮುಂಜಾನೆ, ರಾತ್ರಿಯೆಲ್ಲ ಹೀಟರ್ ಹಾಕಿ ಮಲಗಿ ಎದ್ದು ಹೊರಗೆ ಬಂದಾಗ, ಟ್ರೇಲರಿನ ಹೊರಮೈ ತುಂಬ ಸಣ್ಣ ಹನಿಗಳು ಕೂತಿದ್ದವು, ನಡುನಡುವೆ ಎರಡು ಬೆರಳಗಲದ ಒಣ ಪಟ್ಟಿಗಳು ನೆಟ್ಟಗೆ ಮೇಲಿನಿಂದ ಕೆಳಗೆ ಇಳಿದಿದ್ದವು. ಅಲ್ಯೂಮಿನಿಯಂ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಥರ್ಮಾಕೋಲ್ ತಡೆಯುತ್ತದೆ. ಹಾಗಾಗಿ ಕೊಳವೆ ಇರುವ ಕಡೆ ಹೊರಗಿನ ಹಾಳೆ ತುಸು ಬೆಚ್ಚಗಿದ್ದು ಅಲ್ಲಿ ಇಬ್ಬನಿ ನಿಲ್ಲುವುದಿಲ್ಲ. ಇಡೀ ಚೌಕಟ್ಟಿನ ನಕ್ಷೆಯೇ ಕಣ್ಣೆದುರು ಬರೆದಂತಿತ್ತು. ಬಿಸಿಲು ಏರುವ ಮುನ್ನ ನಾನು ಫೋಟೋ ತೆಗೆದು, ಕಿಟಕಿಯ ಅಂಚಿನಿಂದ ಪ್ರತಿ ಪಟ್ಟಿಯ ನಡುಭಾಗಕ್ಕೆ ಅಳತೆ ಹಿಡಿದು ಬರೆದುಕೊಂಡೆ. ಆ ಅಳತೆಯನ್ನು ಒಳಗೋಡೆಯ ಮೇಲೆ ಗುರುತಿಸಿ, ಮುಂದೆ ಆಧಾರ ಹಲಗೆ ಮುಚ್ಚಿಕೊಳ್ಳುವ ಜಾಗದಲ್ಲಿ ಬಟ್ಟೆ ಹೊಲಿಯುವ ಸೂಜಿಯಷ್ಟು ಸಣ್ಣ ಡ್ರಿಲ್ ಬಿಟ್ಟಿನಿಂದ ಚುಚ್ಚಿ ನೋಡಿದಾಗ, ಬಿಳಿ ಪುಡಿಯ ಬದಲು ಮಿರುಗುವ ಅಲ್ಯೂಮಿನಿಯಂ ಸುರುಳಿ ಬಂತು. ಟ್ರೇಲರ್ ಇರುವ ಯಾರಿಗಾದರೂ ನಾನು ಇದನ್ನೇ ಮೊದಲು ಹೇಳುತ್ತೇನೆ: ಒಂದು ಚಳಿಯ ಮುಂಜಾನೆಗೆ ಕಾಯಿರಿ.

ಜಾಗ ಆರಿಸುವಾಗ, ಗಾಡಿ ನಿಂತಾಗ ಜಾಗ ಹೆಚ್ಚಿಸಲು ಗೋಡೆಯಿಂದ ಹೊರಕ್ಕೆ ಜಾರಿಸುವ ಕೋಣೆಯ ಭಾಗವನ್ನು ಪೂರ್ತಿ ಒಳಗೆ ಎಳೆದು ನೋಡಬೇಕು, ಇಲ್ಲವಾದರೆ ಅದು ಒಳಬರುವಾಗ ಟಿವಿಯ ಮೂಲೆಗೆ ತಾಗುತ್ತದೆ. ಗೋಡೆಯೊಳಗಿನ ತಂತಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಆ ಗೋಡೆಯ ಸ್ವಿಚ್ಚು, ಪ್ಲಗ್ಗು ಮತ್ತು ಹೊರಗಿನ ದೀಪದ ತಟ್ಟೆಗಳನ್ನು ಬಿಚ್ಚಿ ತಂತಿ ಯಾವ ಕಡೆ ಹೊರಟಿದೆ ಎಂದು ಟಾರ್ಚ್ ಬಿಟ್ಟು ನೋಡಿದೆ. ಡ್ರಿಲ್ ಹಿಡಿಯುವ ಮೊದಲು ಹೊರಗಿನ 120 ವೋಲ್ಟಿನ ಕೇಬಲನ್ನು ಕಿತ್ತು, ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಕಳಚಿಟ್ಟೆ.

ಎರಡು ಕೊಳವೆಗಳ ಮೇಲೆ ಕೂರುವಷ್ಟು ಅಗಲದ ಒಂದು ಆಧಾರ ಹಲಗೆಯೇ ಈ ಕೆಲಸದ ಜೀವಾಳ. 18 ಮಿಲಿಮೀಟರ್ ಪ್ಲೈವುಡ್ಡನ್ನು ಅಳತೆಗೆ ಕೊಯ್ದು, ಮೂಲೆಗಳನ್ನು ದುಂಡಗೆ ಮಾಡಿ, ಗೋಡೆಯ ಬಣ್ಣಕ್ಕೆ ಹತ್ತಿರವಾದ ಪಾಲಿಶ್ ಹಚ್ಚಿದೆ. ತೋಳಿನ ತಟ್ಟೆಯ ನಾಲ್ಕು ಬೋಲ್ಟುಗಳಿಗಾಗಿ ಹಲಗೆಯ ಹಿಂಬದಿಯಿಂದ, ಮರವನ್ನು ಕಚ್ಚುವ ಹಲ್ಲುಗಳಿರುವ ನಟ್ಟುಗಳನ್ನು ಮೊದಲೇ ಹೊಡೆದು ಕೂರಿಸಿದೆ. ಬೋಲ್ಟನ್ನು ಎಷ್ಟೇ ಎಳೆದರೂ ಈ ನಟ್ಟಿನ ಅಗಲವಾದ ತಲೆ ಹಲಗೆಯ ಹಿಂದೆ ಅಡ್ಡ ನಿಲ್ಲುತ್ತದೆ. ಅಂಟು ಹಚ್ಚುವ ಮುನ್ನ ಮಾಡಬೇಕಾದ ಇನ್ನೊಂದು ಕೆಲಸವಿದೆ. ಗೋಡೆಯ ಅಚ್ಚಿನ ಕಾಗದದ ಮೇಲೆ ಅಂಟು ಹಚ್ಚಿದರೆ ಹಲಗೆ ಅಂಟುವುದು ಕಾಗದಕ್ಕೆ ಮಾತ್ರ, ಗೋಡೆಗೆ ಅಲ್ಲ. ಹಲಗೆಯ ಸುತ್ತ ಪೆನ್ಸಿಲ್ ಗೆರೆ ಎಳೆದು, ಗೆರೆಯ ಒಳಗೆ ಒಂದು ಬೆರಳಗಲ ಬಿಟ್ಟು ಬ್ಲೇಡಿನಿಂದ ಕಾಗದವನ್ನು ಕೊಯ್ದು ಸುಲಿದು ತೆಗೆದೆ. ಬರಿಯ ಮರ ಕಂಡ ಮೇಲೆ ಪಾಲಿಯುರಿಥೇನ್ ಅಂಟನ್ನು ಅಂಕುಡೊಂಕಾಗಿ ಹಚ್ಚಿ ಹಲಗೆಯನ್ನು ಒತ್ತಿ ಹಿಡಿದೆವು. ನಂತರ ಪ್ರತಿ ಕೊಳವೆಗೆ ಮೂರರಂತೆ ಆರು ಸ್ಕ್ರೂಗಳನ್ನು ಹಾಕಿದೆ.

ಸ್ಕ್ರೂ ಉದ್ದ 32 ಮಿಲಿಮೀಟರ್. ಹಲಗೆಗೆ 18, ಗೋಡೆಯ ಪ್ಲೈವುಡ್ಡಿಗೆ 3 ಕಳೆದರೆ ಕೊಳವೆಯೊಳಗೆ ಹೋಗುವುದು 11 ಮಾತ್ರ, ಹೊರಗಿನ ಫೈಬರ್‌ಗ್ಲಾಸ್ ಅಲ್ಲಿಂದ ಸಾಕಷ್ಟು ದೂರ ಇರುತ್ತದೆ. ಹೊರ ಹಾಳೆಗೆ ಒಂದು ತೂತು ಬಿದ್ದರೂ ಮಳೆನೀರು ಗೋಡೆಯೊಳಗೆ ಇಳಿದು ಅಂಟೆಲ್ಲ ಬಿಡಲು ಶುರುವಾಗುತ್ತದೆ, ಹಾಗಾಗಿ ಡ್ರಿಲ್ ಬಿಟ್ಟಿಗೆ ಬೇಕಾದ ಆಳದಲ್ಲಿ ಬಣ್ಣದ ಟೇಪು ಸುತ್ತಿಕೊಂಡೇ ಕೊರೆದೆ. ಕೊಳವೆಯ ಲೋಹ ಒಂದೂವರೆ ಮಿಲಿಮೀಟರಿನಷ್ಟು ತೆಳುವಾಗಿರುವುದರಿಂದ ಕೊನೆಯ ಸುತ್ತುಗಳನ್ನು ಕೈಯಲ್ಲೇ ಬಿಗಿಮಾಡಿದೆ. ಒಂದು ಸ್ಕ್ರೂವಿಗೆ ಮಾತ್ರ ಬಲ ಹೆಚ್ಚಾಗಿ, ಕೊಳವೆಯಲ್ಲಿ ಅದು ಕೊರೆದಿದ್ದ ಮರೆ (ಸುರುಳಿ ಗೆರೆ) ಸವೆದು, ಸ್ಕ್ರೂ ಸುಮ್ಮನೆ ತಿರುಗತೊಡಗಿತು. ಅದನ್ನು ತೆಗೆದು ಒಂದು ಇಂಚು ಕೆಳಗೆ ಹೊಸ ತೂತು ಕೊರೆದೆ. ಅಂಟು ಒಣಗಲು ಒಂದು ಇಡೀ ದಿನ ಬಿಟ್ಟೆವು.

ಈ ಸಲ ತಂದದ್ದು ವಾಹನಗಳಿಗೆಂದೇ ಮಾಡಿದ, ಮಡಿಸಿದಾಗ ಟಪ್ಪೆಂದು ಬೀಗ ಬೀಳುವ, ದಾರ ಎಳೆದರೆ ಮಾತ್ರ ಬಿಡುವ ತೋಳು. ತೋಳಿನ ಲೋಹದ ಕೀಲುಗಳ ಬೋಲ್ಟುಗಳಿಗೆ ಮರೆ ಸಡಿಲವಾಗದಂತೆ ಹಿಡಿಯುವ ನೀಲಿ ದ್ರವವನ್ನು ಒಂದೊಂದು ಹನಿ ಹಾಕಿದೆ. ಟಿವಿಯ ಬೆನ್ನಿಗೆ ಹಾಕುವ ಸ್ಕ್ರೂಗಳಿಗೆ ಅದನ್ನು ಹಾಕಲಿಲ್ಲ. ಆ ದ್ರವ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ, ಟಿವಿಯ ಬೆನ್ನು ಪ್ಲಾಸ್ಟಿಕ್ಕಿನದು. ಅಲ್ಲಿ ಸ್ಪ್ರಿಂಗ್ ವಾಷರ್ ಸಾಕು. ಬೆನ್ನಿನ ಸ್ಕ್ರೂ ಉದ್ದವಾದರೆ ಒಳಗಿನ ಪರದೆಗೇ ತಗಲುವ ಅಪಾಯವಿರುವುದರಿಂದ, ಬರಿಗೈಯಲ್ಲಿ ತಿರುಗಿಸಿ ತಳ ಮುಟ್ಟುವ ಆಳವನ್ನು ಮೊದಲೇ ಅಳೆದುಕೊಂಡೆ.

ಟಿವಿ ನೇತುಹಾಕುವ ಮುನ್ನ ಪರೀಕ್ಷೆ ಆಗಬೇಕೆಂದವರು ಅಪ್ಪ. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುವ 20 ಪೌಂಡಿನ ಸೋನಾ ಮಸೂರಿ ಚೀಲ ನಮ್ಮ ಅಡುಗೆಯ ಕಪಾಟಿನಲ್ಲಿತ್ತು, ಅಂದರೆ 9 ಕಿಲೋ, ಟಿವಿಯ ತೂಕದ ಸರಿಯಾಗಿ ಎರಡರಷ್ಟು. ತೋಳನ್ನು ಪೂರ್ತಿ ಹೊರಗೆಳೆದು ತುದಿಗೆ ಅಕ್ಕಿಚೀಲ ಕಟ್ಟಿ, ಹಲಗೆಯ ನಾಲ್ಕೂ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಅಪ್ಪ ಕನ್ನಡಕ ಹಾಕಿಕೊಂಡು, ಹಲಗೆ ಮತ್ತು ಗೋಡೆಯ ನಡುವೆ ಒಂದು ವಿಸಿಟಿಂಗ್ ಕಾರ್ಡನ್ನು ನುಗ್ಗಿಸಲು ಮೇಲಂಚಿನ ಉದ್ದಕ್ಕೂ ಪ್ರಯತ್ನಿಸಿದರು. ಎಲ್ಲಿಯೂ ಹೋಗಲಿಲ್ಲ. ಪೆನ್ಸಿಲ್ ಗೆರೆಗಳೂ ಇದ್ದಲ್ಲೇ ಇದ್ದವು.

ವಿದ್ಯುತ್ತಿನ ವಿಷಯ ಬೇಗ ಮುಗಿಯುತ್ತದೆ. ನಾವು 12 ವೋಲ್ಟಿನಲ್ಲೇ ನಡೆಯುವ, ವಾಹನಗಳಿಗೆಂದು ಮಾಡಿದ ಟಿವಿ ಆರಿಸಿದೆವು. ಮನೆಯ ಟಿವಿಯಾದರೆ ಇನ್ವರ್ಟರ್ ಬೇಕು, ಅದು ಸುಮ್ಮನಿದ್ದಾಗಲೂ ಬ್ಯಾಟರಿ ತಿನ್ನುತ್ತದೆ. ನಮ್ಮ ಟಿವಿ ಸುಮಾರು 36 ವ್ಯಾಟ್, ಅಂದರೆ 3 ಆಂಪಿಯರ್ ಎಳೆಯುತ್ತದೆ. ಮೂರು ಗಂಟೆ ನೋಡಿದರೆ 9 ಆಂಪಿಯರ್-ಅವರ್. ನಮ್ಮ ಸೀಸ-ಆಮ್ಲ ಬ್ಯಾಟರಿ 100 ಆಂಪಿಯರ್-ಅವರ್‌ನದು, ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಹೆಸರಿಗೆ 12 ವೋಲ್ಟ್ ಎಂದರೂ ಚಾರ್ಜ್ ಆಗುವಾಗ ಅದು 14ಕ್ಕಿಂತ ಮೇಲೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಈ ಏರಿಳಿತ ತಾಳದ ಟಿವಿಗೆ ನಡುವೆ ವೋಲ್ಟೇಜ್ ಸ್ಥಿರಗೊಳಿಸುವ ಸಣ್ಣ ಪೆಟ್ಟಿಗೆ ಹಾಕಲೇಬೇಕು. ಫ್ಯೂಸ್ ಫಲಕದಿಂದ 14 ಗೇಜ್ ತಂತಿ ಎಳೆದು, ಅದಕ್ಕೆಂದೇ ಬೇರೆ 7.5 ಆಂಪಿಯರ್ ಫ್ಯೂಸ್ ಹಾಕಿದೆ. ತೋಳಿನ ಉದ್ದಕ್ಕೂ ತಂತಿಗೆ ಸಡಿಲ ಬಿಟ್ಟು ಕಟ್ಟಬೇಕು, ಬಿಗಿಯಾದರೆ ತೋಳು ತೆರೆದು ಮಡಿಸುವಾಗಲೆಲ್ಲ ಬುಡದಲ್ಲಿ ಎಳೆತ ಬೀಳುತ್ತದೆ.

ಆಂಟೆನಾ ಚಾವಣಿಯ ಮೇಲೆ ಮೊದಲೇ ಇತ್ತು. ಆಂಟೆನಾದ ಕೇಬಲ್ ಸಿಕ್ಕಿಸುವ ಗೋಡೆಯ ತಟ್ಟೆಯಲ್ಲಿ ಪುಟ್ಟ ಗುಂಡಿಯೊಂದಿದೆ. ಅದನ್ನು ಒತ್ತಿ ದೀಪ ಹತ್ತಿದಾಗ ಮಾತ್ರ ಆಂಟೆನಾದ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರಿಗೆ ವಿದ್ಯುತ್ ಹೋಗುತ್ತದೆ. ಕ್ಯಾಂಪಿನವರು ಕೊಡುವ ಕೇಬಲ್ ಜೋಡಿಸಿದಾಗ ಆ ಗುಂಡಿಯನ್ನು ಆಫ್ ಮಾಡಬೇಕು. ಊರು ಬದಲಾದಾಗಲೆಲ್ಲ ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಬೇಕು.

ಮುಂದಿನ ಬೇಸಿಗೆಯಲ್ಲಿ ಟ್ರೇಲರನ್ನು ಮಿಷಿಗನ್ನಿನಲ್ಲೇ ಇರುವ ಮ್ಯಾಕಿನಾ ಸೇತುವೆಯ ಮೇಲೆ ಕೊಂಡೊಯ್ದೆವು. 1957ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 8 ಕಿಲೋಮೀಟರ್ ಉದ್ದದ ಆ ಸೇತುವೆಯ ತೂಗುಭಾಗದ ಒಳಪಥದಲ್ಲಿ ಡಾಂಬರಿಲ್ಲ, ಉಕ್ಕಿನ ಜಾಲರಿ ಇದೆ. ಗಾಡಿಯಿಡೀ ಒಂದೇ ಸಮನೆ ಗುಂಯ್‌ಗುಡುತ್ತದೆ. ದೊಡ್ಡ ಗುಂಡಿಗಿಂತ ಇಂಥ ಬಿಡದ ನಡುಕವೇ ಸ್ಕ್ರೂಗಳನ್ನು ಸಡಿಲಿಸುತ್ತದೆ ಎಂಬುದು ನನ್ನ ಅನುಭವ. ಹೊರಡುವ ಮುನ್ನ ತೋಳನ್ನು ಮಡಿಸಿ ಬೀಗ ಬಿದ್ದ ಸದ್ದು ಕೇಳಿಸಿಕೊಂಡು, ಟಿವಿಯ ಕೆಳಗಿನ ಎರಡು ಮೂಲೆಗಳಿಗೂ ಗೋಡೆಗೂ ನಡುವೆ ಸ್ಪಂಜಿನ ತುಂಡು ಇಟ್ಟು, ಸುತ್ತ ಒಂದು ಬಟ್ಟೆಯ ಬೆಲ್ಟು ಬಿಗಿದಿದ್ದೆ. ಸೇತುವೆ ದಾಟಿದ ಮೇಲೆ ಮೊದಲ ನಿಲುಗಡೆಯಲ್ಲೇ ಒಳಗೆ ಹೋಗಿ ನೋಡಿದೆ. ಹಲಗೆ ಗೆರೆಯೊಳಗೇ ಇತ್ತು. ಟಿವಿಯ ಬೆನ್ನಿನ ಒಂದು ಸ್ಕ್ರೂ ಮಾತ್ರ ಕಾಲು ಸುತ್ತು ಸಡಿಲವಾಗಿತ್ತು. ಅಂದಿನಿಂದ ಸ್ಕ್ರೂಡ್ರೈವರನ್ನು ಆ ಟಿವಿಯ ಕೆಳಗಿನ ಡ್ರಾಯರಿನಲ್ಲೇ ಇಟ್ಟಿದ್ದೇನೆ.

ನವೆಂಬರಿನಲ್ಲಿ ಟ್ರೇಲರ್ ಮುಚ್ಚುವಾಗ ಟಿವಿಯನ್ನು ಕಳಚಿ, ನೆಟ್ಟಗೆ ನಿಲ್ಲಿಸಿ ಮನೆಯೊಳಗೆ ಇಡುತ್ತೇವೆ, ಏಕೆಂದರೆ ಇಲ್ಲಿನ ಚಳಿ ಪರದೆಯ ದ್ರವಕ್ಕೆ ಒಳ್ಳೆಯದಲ್ಲ. ಚಳಿಯಿಂದ ಬೆಚ್ಚಗಿನ ಕಡೆಗೆ ತಂದ ಟಿವಿಯ ಒಳಗೆ ತೇವ ಕೂರಬಹುದು, ಅದನ್ನು ಅರ್ಧ ದಿನ ಹಾಗೆಯೇ ಬಿಟ್ಟು ಅನಂತರವಷ್ಟೇ ಆನ್ ಮಾಡಬೇಕು. ಬೆನ್ನಿನ ನಾಲ್ಕು ಸ್ಕ್ರೂಗಳನ್ನು ವಾಷರ್ ಸಮೇತ ಒಂದು ಪುಟ್ಟ ಚೀಲದಲ್ಲಿ ಹಾಕಿ ತೋಳಿಗೇ ಟೇಪಿನಿಂದ ಅಂಟಿಸಿಡುತ್ತೇನೆ. ಏಪ್ರಿಲಿನಲ್ಲಿ ಮತ್ತೆ ಕೂರಿಸುವಾಗ ಅವು ಅಲ್ಲೇ ಸಿಗುತ್ತವೆ.