ಮಗು ಸ್ಕೌಟ್ ಸೇರಿತೇ? ಇನ್ನು ಅಪ್ಪ ಅಮ್ಮ ಮಾಡಬೇಕಾದ್ದು

ಮಕ್ಕಳು ಸ್ಕೌಟ್ಸ್ ಅಥವಾ ಗೈಡ್ಸ್ ಸೇರಿದ ಮೇಲೆ ನಮ್ಮ ಊರಿನ ಅಪ್ಪ ಅಮ್ಮಂದಿರಲ್ಲಿ ಎರಡು ಬಗೆ ಕಾಣುತ್ತದೆ. ಸಮವಸ್ತ್ರದ ದುಡ್ಡು ಕೊಟ್ಟು ಮತ್ತೆ ದಳದ ಕಡೆ ತಲೆ ಹಾಕದವರು ಒಂದು ಬಗೆ. ಶಿಬಿರದ ಮೊದಲ ದಿನವೇ ಡೇರೆಯ ಗೂಟ ತಾವೇ ಹೊಡೆದು, ಮಗನ ಹಾಸಿಗೆ ಬಿಡಿಸಿ, ಸಂಜೆಗೆ ಹೋಟೆಲಿನ ಪಾರ್ಸೆಲ್ ಹಿಡಿದು ಮತ್ತೆ ಹಾಜರಾಗುವವರು ಇನ್ನೊಂದು ಬಗೆ. ಮೊದಲನೆಯವರನ್ನು ಹೇಗಾದರೂ ಒಳಗೆ ಎಳೆಯಬಹುದು. ಎರಡನೆಯವರನ್ನು ಮನೆಗೆ ಕಳಿಸುವುದೇ ಸ್ಕೌಟ್ ಮಾಸ್ಟರರ ದೊಡ್ಡ ತಲೆನೋವು. ಇಬ್ಬರೂ ಓದಲಿ ಎಂದು ಕೆಲಸವನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಮಗು ಯಾವ ವಿಭಾಗದಲ್ಲಿದೆ ಎಂದು ತಿಳಿದುಕೊಳ್ಳಿ

ಹತ್ತು ವರ್ಷದೊಳಗಿನ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಹತ್ತು ದಾಟಿದವರು ಸ್ಕೌಟ್, ಗೈಡ್. ಕಾಲೇಜಿನವರು ರೋವರ್, ರೇಂಜರ್. ಸ್ಕೌಟ್ ಆದವರು ಏರುವ ಮೆಟ್ಟಿಲುಗಳು ಇವು: ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ನಂತರ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಇಷ್ಟು ಗೊತ್ತಿದ್ದರೆ ಸಾಕು. ‘ರಾಷ್ಟ್ರಪತಿ ಯಾವಾಗ ಸಿಗುತ್ತದೆ?’ ಎಂದು ಪ್ರವೇಶದ ವಾರವೇ ಮಾಸ್ಟರರನ್ನು ಕೇಳಬೇಡಿ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇರುವುದು ನಿಜ. ಆದರೆ ಆರನೇ ಕ್ಲಾಸಿನ ಮಗುವಿನ ತಲೆಗೆ ಅದನ್ನು ಈಗಲೇ ತುಂಬಬೇಕಾಗಿಲ್ಲ.

2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಗೈಡ್ಸ್‌ಗಳ ದೊಡ್ಡ ಮೇಳ, ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತಲ್ಲ, ಅದನ್ನು ನೋಡಿ ಮಕ್ಕಳನ್ನು ಸೇರಿಸಿದವರೂ ಇದ್ದಾರೆ. ಸಂತೋಷವೇ. ಆದರೆ ಸ್ಕೌಟಿಂಗ್ ಎಂದರೆ ಆ ದೀಪ, ವೇದಿಕೆ ಅಲ್ಲ. ವಾರಕ್ಕೊಮ್ಮೆ ಶಾಲೆಯ ಅಂಗಳದಲ್ಲಿ ನಡೆಯುವ ಒಂದು ಗಂಟೆಯ ಕೂಟ ಅದು. ಆ ಹೊತ್ತಿಗೆ ಟ್ಯೂಷನ್ ಇಟ್ಟುಕೊಂಡರೆ ಉಳಿದ ಸಹಾಯವೆಲ್ಲ ವ್ಯರ್ಥ.

ಹಂತ 2: ಸಮವಸ್ತ್ರ

ಮಾಸ್ಟರರು ಹೇಳಿದಲ್ಲೇ ಕೊಳ್ಳಿ. ‘ಅದೇ ಬೂದು ಬಣ್ಣ’ ಎಂದು ಅಂಗಡಿಯವರು ಕೊಡುವ ಅಂಗಿ ಸಾಲಿನಲ್ಲಿ ನಿಂತಾಗ ಬೇರೆಯಾಗಿ ಕಾಣುತ್ತದೆ. ಎಲಾಸ್ಟಿಕ್ ಹಾಕಿ ಮೊದಲೇ ಹೊಲಿದಿಟ್ಟ ಸ್ಕಾರ್ಫ್ ಖಂಡಿತ ಬೇಡ. ಸ್ಕಾರ್ಫ್ ಇರುವುದು ಬಿಚ್ಚುವುದಕ್ಕೆ. ಕೈ ಮುರಿದವರಿಗೆ ಜೋಳಿಗೆ ಕಟ್ಟಲು, ಗಾಯಕ್ಕೆ ಸುತ್ತಲು ಬಳಸುವ ಬಟ್ಟೆ ಅದು. ಹೊಲಿದಿಟ್ಟದ್ದು ಕತ್ತಿನಲ್ಲಿ ನೇತಾಡಲು ಮಾತ್ರ ಆಗುತ್ತದೆ. ಬ್ಯಾಡ್ಜ್‌ಗಳನ್ನು ಎಲ್ಲಿ ಹೊಲಿಯಬೇಕು ಎಂದು ಕೇಳಿ ಹೊಲಿಯಿರಿ, ಮತ್ತೆ ಬಿಚ್ಚುವ ಕೆಲಸ ತಪ್ಪುತ್ತದೆ.

ಹಂತ 3: ನಿಮ್ಮ ಕೈಯಲ್ಲಿ ಎಂತ ಆಗುತ್ತದೆ ಎಂದು ಹೇಳಿ

‘ಏನಾದರೂ ಬೇಕಾದರೆ ಹೇಳಿ ಸರ್’ ಎನ್ನುವ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಹೆಚ್ಚಾಗಿ ಅದೇ ಶಾಲೆಯ ಶಿಕ್ಷಕರು. ಪಾಠ, ಪರೀಕ್ಷೆ, ಚುನಾವಣೆ ಡ್ಯೂಟಿಯ ನಡುವೆ ದಳವನ್ನೂ ನಡೆಸುವವರು. ಅವರು ನಿಮಗೆ ಕೆಲಸ ಹುಡುಕಿ ಕೊಡುತ್ತ ಕೂರುವುದಿಲ್ಲ. ‘ನನ್ನ ಪಿಕಪ್ ಭಾನುವಾರ ಖಾಲಿ ಇರುತ್ತದೆ’, ‘ನಾನು ನರ್ಸ್, ಪ್ರಥಮ ಚಿಕಿತ್ಸೆಯ ಎರಡು ತರಗತಿ ತೆಗೆದುಕೊಳ್ಳಬಲ್ಲೆ’, ‘ಲೆಕ್ಕಪತ್ರ ಬರೆಯಬಲ್ಲೆ’ ಎಂದು ನೇರವಾಗಿ ಹೇಳಿ.

‘ನನಗೆ ಹೆಚ್ಚೇನೂ ಗೊತ್ತಿಲ್ಲ’ ಎನ್ನುವವರೇ ಹಲವು ಬಾರಿ ಹೆಚ್ಚು ಬೇಕಾದವರು. ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಬೋಟಿಗೆ ಹೋಗುವ ಅಪ್ಪನಿಗೆ ಗೊತ್ತಿರುವಷ್ಟು ಗಂಟು ಯಾವ ಪುಸ್ತಕದಲ್ಲೂ ಇಲ್ಲ. ಶಂಕರಪುರದ ಕಡೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಅಮ್ಮಂದಿರ ಬೆರಳಿನ ವೇಗ ನೋಡಿದರೆ ಮಕ್ಕಳು ಬಾಯಿ ಮುಚ್ಚಿ ಕೂರುತ್ತಾರೆ. ಇಂಥವರನ್ನು ಕರೆಯಿರಿ.

ಹಂತ 4: ಗಂಟಿನ ಅಭ್ಯಾಸ

ಮನೆಯಲ್ಲಿ ಹೇಳಿಕೊಡುವುದಾದರೆ ಮೊದಲು ಹಗ್ಗ ಸರಿ ಇರಲಿ. ಹೊಳೆಯುವ ನುಣುಪಾದ ನೈಲಾನ್ ಹಗ್ಗದಲ್ಲಿ ಗಂಟು ಜಾರುತ್ತದೆ, ಮಗು ತನ್ನದೇ ತಪ್ಪು ಎಂದುಕೊಳ್ಳುತ್ತದೆ. ಕಿರುಬೆರಳಿನ ದಪ್ಪದ ಹತ್ತಿ ಹಗ್ಗ, ಮೂರು ಮೀಟರ್ ಸಾಕು. ತುದಿ ಬಿಚ್ಚದಂತೆ ನೂಲು ಸುತ್ತಿ.

ಎರಡು ತುದಿಗಳನ್ನು ಸೇರಿಸಿ ಕಟ್ಟುವ ರೀಫ್ ನಾಟ್‌ನಲ್ಲೇ ಹೆಚ್ಚಿನ ಅಪ್ಪಂದಿರು ಎಡವುವುದು. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ. ಎರಡು ಸಲವೂ ಬಲವನ್ನೇ ಮೇಲೆ ಹಾಕಿದರೆ ಅದು ಬೇರೆಯೇ ಗಂಟು, ಎಳೆದರೆ ಜಾರುತ್ತದೆ. ಪರೀಕ್ಷೆ ಸುಲಭ: ಗಂಟು ಚಪ್ಪಟೆಯಾಗಿ ಮಲಗಿ, ಬಿಡಿ ತುದಿಗಳು ಹಗ್ಗದ ಉದ್ದಕ್ಕೇ ಇದ್ದರೆ ಸರಿ. ತುದಿಗಳು ಅಡ್ಡಕ್ಕೆ ಚಾಚಿದ್ದರೆ ಬಿಚ್ಚಿ ಮತ್ತೆ ಕಟ್ಟಲಿ. ಚಪ್ಪಟೆ ಇರುವುದರಿಂದಲೇ ಇದು ಬ್ಯಾಂಡೇಜಿಗೆ ಒಳ್ಳೆಯದು, ಒತ್ತುವುದಿಲ್ಲ. ಭಾರ ಎಳೆಯಲು ಇದನ್ನು ನಂಬಬೇಡಿ. ದಪ್ಪ ಹಗ್ಗಕ್ಕೆ ಸಪೂರ ಹಗ್ಗ ಸೇರಿಸಲು ಶೀಟ್ ಬೆಂಡ್ ಎಂಬ ಗಂಟು ಇದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಸುವವರು ಒಂದು ಗಮನಿಸಿ: ಎದುರು ಕೂತು ಮಾಡಿದ್ದು ಮಗುವಿಗೆ ಎಡಬಲ ಅದಲು ಬದಲಾಗಿ ಕಾಣುತ್ತದೆ. ಪಕ್ಕದಲ್ಲಿ ಕೂತು ತೋರಿಸಿ.

ಲಾಗ್ ಪುಸ್ತಕ ಮಾತ್ರ ಮುಟ್ಟಬೇಡಿ. ದಿನಕ್ಕೊಂದು ಸತ್ಕಾರ್ಯ ಬರೆಯುವ ಡೈರಿಯಲ್ಲಿ ಅಮ್ಮನ ದುಂಡು ಅಕ್ಷರ ಕಂಡರೆ ಪರೀಕ್ಷಕರಿಗೆ ಎಲ್ಲ ಅರ್ಥವಾಗುತ್ತದೆ.

ಹಂತ 5: ಶಿಬಿರ

ಎಲ್ಲರೂ ಕೆಡಿಸುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ಬ್ಯಾಗ್ ತುಂಬುವವರು ಮಗು. ನೀವು ಪಟ್ಟಿ ಓದುವವರು. ರಾತ್ರಿ ಡೇರೆಯೊಳಗೆ ಟಾರ್ಚ್ ಎಲ್ಲಿದೆ ಎಂದು ಗೊತ್ತಾಗಬೇಕಾದರೆ ಅದನ್ನು ಇಟ್ಟ ಕೈ ಮಗುವಿನದೇ ಆಗಿರಬೇಕು. ಬಟ್ಟೆ, ಬೈರಾಸು (ಟವೆಲ್), ಹೊದಿಕೆ, ಚಾಪೆ, ಸ್ಟೀಲಿನ ಬಟ್ಟಲು ಮತ್ತು ಲೋಟ, ನೀರಿನ ಬಾಟಲಿ, ಸೊಳ್ಳೆಗೆ ಹಚ್ಚುವ ಮುಲಾಮು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ. ಘಟ್ಟದ ಬುಡಕ್ಕೆ ಹೋಗುವುದಾದರೆ ಇಂಬಳಕ್ಕೆ ಉಪ್ಪು. ಚಕ್ರದ ಟ್ರಾಲಿ ಬ್ಯಾಗ್ ಕೊಡಬೇಡಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಅದನ್ನು ಎಳೆಯುವುದಕ್ಕಿಂತ ತಲೆಯ ಮೇಲೆ ಹೊರುವುದು ಸುಲಭ. ಬೆನ್ನಿಗೆ ಹಾಕುವ ಚೀಲವೇ ಸರಿ, ಅದನ್ನು ಹೊತ್ತು ಮಗು ಮನೆಯ ಅಂಗಳಕ್ಕೆ ಎರಡು ಸುತ್ತು ಬರಲಿ. ಭಾರವಾದರೆ ತಾನೇ ಎರಡು ವಸ್ತು ಹೊರಗೆ ತೆಗೆಯುತ್ತದೆ.

ಜಾಗ ನೋಡಲು ಹಿರಿಯರು ಬೇಕು. ಮುರಕಲ್ಲಿನಲ್ಲಿ ಡೇರೆಯ ಗೂಟ ಇಳಿಯುವುದಿಲ್ಲ, ಬಾಗುತ್ತದೆ. ಅಂಥಲ್ಲಿ ದೊಡ್ಡ ಕಲ್ಲಿಗೋ ಮರಕ್ಕೋ ಹಗ್ಗ ಬಿಗಿಯುವುದು ಉಪಾಯ. ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದು ಒಣಗಿದ ಗದ್ದೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ, ಯಜಮಾನರನ್ನು ಕೇಳುವ ಕೆಲಸ ನೀವು ಮಾಡಿ. ತೆಂಗಿನ ಮರದ ಅಡಿ ಡೇರೆ ಹಾಕಲು ಬಿಡಬೇಡಿ. ಕಾರಣ ಬರೆಯಬೇಕೇ? ಹೊಳೆ, ಕಡಲು ಹತ್ತಿರವಿದ್ದರೆ ನೀರಿಗೆ ಇಳಿಯುವ ವಿಷಯ ಮಾಸ್ಟರರೊಬ್ಬರೇ ತೀರ್ಮಾನಿಸಲಿ. ಪಣಂಬೂರಿನಲ್ಲಾಗಲಿ ಮಲ್ಪೆಯಲ್ಲಾಗಲಿ ಜೀವರಕ್ಷಕರು ಬೇಡ ಎಂದ ಮೇಲೆ ‘ಮೊಣಕಾಲಿನವರೆಗೆ ಮಾತ್ರ’ ಎಂಬ ಚೌಕಾಸಿ ಇಲ್ಲ.

ಇನ್ನು ಅಡುಗೆ. ಇಡೀ ಶಿಬಿರಕ್ಕೆ ಒಟ್ಟಿಗೆ ಆಗುವ ಅಡುಗೆಗೆ ಪೋಷಕರು ಕೈ ಜೋಡಿಸಬಹುದು: ಬೆಳಿಗ್ಗೆ ಸಜ್ಜಿಗೆ ಅವಲಕ್ಕಿ, ರಾತ್ರಿ ಗಂಜಿ, ಹೆಸರುಕಾಳಿನ ಗಸಿ. ಆದರೆ ಪಟ್ರೋಲ್‌ಗಳು, ಅಂದರೆ ಆರೆಂಟು ಮಕ್ಕಳ ಗುಂಪುಗಳು, ತಾವೇ ಒಲೆ ಹೂಡಿ ಅಡುಗೆ ಮಾಡುವ ಹೊತ್ತು ಬರುತ್ತದೆ. ಆಗ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಲ್ಲಿ. ಹೊಗೆ ಏಳುತ್ತದೆ, ಕಣ್ಣು ಒರಸಿಕೊಳ್ಳುತ್ತಾರೆ, ಅನ್ನ ಒಂದು ಕಡೆ ಹಸಿ, ಒಂದು ಕಡೆ ಸೀದಿರುತ್ತದೆ. ಊದುವ ಕೊಳವೆ ಕಸಿದುಕೊಳ್ಳಬೇಡಿ. ಬೆಂಕಿ ಬಟ್ಟೆಗೆ ತಾಗುವಂತಿದ್ದರೆ, ಕತ್ತಿ ತಪ್ಪಾಗಿ ಹಿಡಿದಿದ್ದರೆ ತಕ್ಷಣ ಹೋಗಿ. ಉಪ್ಪು ಕಡಿಮೆಯಾದರೆ ಹೋಗಬೇಡಿ. ಒಂದು ಮಾತು ಮೊದಲೇ ಹೇಳಿಡಬಹುದು: ಕುಚ್ಚಲಕ್ಕಿ ಸೌದೆ ಒಲೆಯಲ್ಲಿ ಬೇಯಲು ಗಂಟೆ ಹಿಡಿಯುತ್ತದೆ, ಪಟ್ರೋಲ್ ಅಡುಗೆಗೆ ಬೆಳ್ತಿಗೆ (ಬಿಳಿ) ಅಕ್ಕಿಯೇ ಸರಿ.

ರಾತ್ರಿಯೇ ಕಷ್ಟದ ಹೊತ್ತು. ಹಗಲಿಡೀ ಕುಣಿದ ಮಗುವಿಗೆ ಮಲಗುವ ಹೊತ್ತಿಗೆ ಮನೆ ನೆನಪಾಗುತ್ತದೆ. ಅದಕ್ಕೆ ಬೀಜ ಬಿತ್ತುವವರು ನಾವೇ: ‘ಬೇಜಾರಾದ್ರೆ ಫೋನ್ ಮಾಡು ಮಗಾ, ರಾತ್ರಿಯೇ ಬಂದು ಕರ್ಕೊಂಡು ಬರ್ತೇನೆ.’ ಈ ಮಾತು ಆಡಬೇಡಿ. ಇದನ್ನು ಕೇಳಿದ ಮಗು ಬೇಜಾರಿನ ದಾರಿಯನ್ನೇ ಕಾಯುತ್ತದೆ. ‘ಮೊದಲ ರಾತ್ರಿ ಸ್ವಲ್ಪ ಬೇಜಾರಾಗ್ತದೆ, ಎಲ್ಲರಿಗೂ ಆಗ್ತದೆ, ಕ್ಯಾಪ್ಟನ್ ಹತ್ರ ಹೇಳು’ ಎನ್ನಿ. ನೀವೇ ಸ್ವಯಂಸೇವಕರಾಗಿ ಹೋಗಿದ್ದರೆ ಇನ್ನೂ ಕಷ್ಟ: ನಿಮ್ಮ ಮಗು ಬೇರೆ ಡೇರೆಯಲ್ಲಿ ಮಲಗಲಿ, ಊಟಕ್ಕೆ ಬೇರೆ ಸಾಲಿನಲ್ಲಿ ಕೂರಲಿ. ಅತ್ತರೆ ಮೊದಲು ಇನ್ನೊಬ್ಬರು ಹೋಗಲಿ. ನೀವು ಇನ್ನೊಬ್ಬರ ಮಗುವಿನ ಹತ್ತಿರ ಹೋಗಿ. ಮಕ್ಕಳೂ ಶಿಬಿರದಲ್ಲಿ ನಿಮ್ಮನ್ನು ‘ಅಪ್ಪಾ’ ಎನ್ನದೆ ಉಳಿದವರಂತೆ ‘ಸರ್’ ಎಂದರೆ ಬೇಸರ ಬೇಡ.

ಜ್ವರ, ವಾಂತಿ, ಉಸಿರಾಟದ ತೊಂದರೆ ಬೇರೆ ವಿಷಯ. ಆಸ್ತಮಾ, ಅಲರ್ಜಿ, ಹಾಸಿಗೆಯಲ್ಲಿ ಮೂತ್ರವಾಗುವುದು ಯಾವುದನ್ನೂ ಮರ್ಯಾದೆಗೆ ಅಂಜಿ ಮುಚ್ಚಿಡದೆ ಒಪ್ಪಿಗೆ ಪತ್ರದಲ್ಲಿ ಬರೆಯಿರಿ. ಇನ್‌ಹೇಲರ್ ಇದ್ದರೆ ಅದೆಲ್ಲಿದೆ ಎಂದು ನಾಯಕರಿಗೂ ತಿಳಿದಿರಲಿ.

ಹಂತ 6: ಹಿರಿಯರಿಗೂ ನಿಯಮ

ಯಾವ ಮಗುವಿನೊಂದಿಗೂ ಒಬ್ಬರೇ ಇರಬೇಡಿ, ಎರಡನೆಯ ಹಿರಿಯರು ಕಣ್ಣಿಗೆ ಬೀಳುವಂತಿರಲಿ. ಹುಡುಗಿಯರ ಶಿಬಿರದಲ್ಲಿ ರಾತ್ರಿ ಮಹಿಳೆಯರೇ ಇರಬೇಕು. ಇನ್ನೊಬ್ಬರ ಮಗುವಿಗೆ ಖಾಸಗಿ ಮೆಸೇಜ್ ಇಲ್ಲ, ಒಪ್ಪಿಗೆ ಇಲ್ಲದೆ ಫೋಟೋ ಸ್ಟೇಟಸ್‌ಗೆ ಹಾಕುವುದೂ ಇಲ್ಲ. ಇಂಥ ನಿಯಮಕ್ಕೆ ‘ನಾವೆಲ್ಲ ಗುರುತಿನವರೇ ಅಲ್ವಾ ಮಾರಾಯ್ರೆ’ ಎನ್ನುವವರನ್ನು ಸ್ವಯಂಸೇವಕರಾಗಿ ತೆಗೆದುಕೊಳ್ಳದಿರುವುದು ಒಳ್ಳೆಯದು.

ಹಂತ 7: ದುಡ್ಡು

ರಸೀದಿ, ಪುಸ್ತಕ, ಎರಡು ಸಹಿ. ಶಿಬಿರ ಮುಗಿದ ವಾರವೇ ಲೆಕ್ಕ ಪೋಷಕರ ಮುಂದೆ ಇಡಿ. ದಾನಿಗಳಿಂದ ನಗದಿಗಿಂತ ಅಕ್ಕಿ, ಬೆಲ್ಲ, ತೆಂಗಿನಕಾಯಿ ಕೇಳುವುದು ಸುಲಭ.

ಹಂತ 8: ನಿಮಗೂ ಹುಚ್ಚು ಹಿಡಿದರೆ

ಕೆಲವರಿಗೆ ಹಿಡಿಯುತ್ತದೆ. ಆಗ ಜಿಲ್ಲಾ ಸಂಸ್ಥೆಯ ಮೂಲಕ ನಾಯಕರ ಬೇಸಿಕ್ ತರಬೇತಿಗೆ ಹೋಗಿ. ಸುಮಾರು ಒಂದು ವಾರ ನೀವೇ ಸ್ಕೌಟ್ ಆಗಿ ಡೇರೆಯಲ್ಲಿ ಮಲಗಿ, ಪಾತ್ರೆ ತೊಳೆದು ಬರಬೇಕು. ಮುಂದಕ್ಕೆ ಅಡ್ವಾನ್ಸ್ಡ್ ತರಬೇತಿ, ಆಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಮೇಲಿನ ಹಂತ. ಮಗು ದಳ ಬಿಟ್ಟ ಮೇಲೂ ಉಳಿಯುವ ಮನಸ್ಸಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಹಂತ 9: ಡೇರೆ ಒಣಗಿಸುವುದು

ಯಾರೂ ಮಾಡದ ಕೆಲಸ, ಅದಕ್ಕೇ ನಿಮಗೆ ಬಿಟ್ಟದ್ದು. ಶಿಬಿರದಿಂದ ಬಂದ ಡೇರೆ ಇಬ್ಬನಿಗೆ ಒದ್ದೆಯಾಗಿರುತ್ತದೆ. ಹಾಗೇ ಮಡಚಿ ಶಾಲೆಯ ಸ್ಟೋರಿಗೆ ಎಸೆದರೆ ನಮ್ಮ ಸೆಕೆಗೆ ಬೂಸ್ಟು ಹಿಡಿದು, ಮುಂದಿನ ವರ್ಷ ಬಿಡಿಸುವಾಗ ಹರಿಯುತ್ತದೆ. ಮರುದಿನವೇ ತಾರಸಿಯಲ್ಲೋ ಅಂಗಳದಲ್ಲೋ ಎರಡೂ ಬದಿ ಬಿಸಿಲಿಗೆ ಹಾಕಿ, ಮಣ್ಣು ಒಣಗಿದ ಮೇಲೆ ಕೊಡವಿ, ಗೂಟ ಎಣಿಸಿ ಚೀಲಕ್ಕೆ ಹಾಕಿ. ಹಗ್ಗಕ್ಕೆ ಗಂಟು ಬಿದ್ದಿದ್ದರೆ ಬಿಚ್ಚಲು ಮಕ್ಕಳನ್ನೇ ಕೂರಿಸಿ. ಡೇರೆಯ ಕಟ್ಟನ್ನು ನೆಲದ ಮೇಲೆ ಇಡಬೇಡಿ, ಅಟ್ಟಕ್ಕೆ ಏರಿಸಿ, ಇಲಿಗೆ ಎಟುಕದಂತೆ ತೂಗಿ ಹಾಕಿ. ಮೇ ಕೊನೆಗೊಮ್ಮೆ, ಮಳೆ ಹಿಡಿಯುವ ಮೊದಲು, ಇನ್ನೊಂದು ಬಿಸಿಲು ಕಾಣಿಸಿ.